ಮಂದೆ ಕಾಯುವ ಬಿಳಿಯ ನಾಯಿ



ದನ, ಕುರಿ, ಕೋಳಿಗಳ ವಿಚಾರ ನೀವು ಬೇಕಾದಷ್ಟು ಕೇಳಿದ್ದೀರಿ. ಅವುಗಳನ್ನು ಕಾಯುವ ನಾಯಿಯ ವಿಚಾರ ಕೇಳಿದ್ದು ಕಡಮೆ. ನಾಯಿಗೂ ಒಂದು ಚರಿತ್ರೆಯೇ ಅಂತ ನೀವು ನಗಬಹುದು. ಆದರೆ ಮಂದೆ ಕಾಯುವ ನಾಯಿಯನ್ನು ಎಲ್ಲಿಂದ ತರಬೇಕು, ಏನು ತಿನ್ನಿಸಬೇಕು, ಹ್ಯಾಗೆ ಬೆಳೆಸಬೇಕು ಅಂತ ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಒಕ್ಕಲುತನ ಬಲ್ಲವನು ಬರೆದಿಟ್ಟಿದ್ದಾನೆ. ಅವನ ಮಾತು ಉಳಿಸಿಕೊಂಡ ಸೀಮೆಯವರು ಇವತ್ತಿಗೂ ತೋಳದ ಪಕ್ಕದಲ್ಲೇ ಕುರಿ ಮೇಯಿಸುತ್ತಾರೆ. ಮರೆತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಈ ಹೊತ್ತು ಆ ಕಥೆಯನ್ನೇ ಹೇಳುತ್ತೇನೆ.

ಇಟಲಿ ದೇಶದ ನಡುಮಧ್ಯದಲ್ಲಿ ಅಬ್ರುಟ್ಸೊ ಅಂತ ಒಂದು ಬೆಟ್ಟದ ಸೀಮೆ ಇದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತೆ, ಬೇಸಿಗೆಯಲ್ಲಿ ಬೆಟ್ಟದ ಮೇಲೆಲ್ಲ ಹಸಿರು ಹುಲ್ಲು. ಅಲ್ಲಿನ ಕುರಿಗಾಹಿಗಳ ಜೊತೆಗೆ ಯಾವಾಗಲೂ ದೊಡ್ಡ ಬಿಳಿಯ ನಾಯಿಗಳು ಇರುತ್ತವೆ. ಮೈ ತುಂಬ ದಟ್ಟವಾದ ಕೂದಲು, ಅಗಲವಾದ ತಲೆ, ಗಂಭೀರವಾದ ನಡಿಗೆ. ಗಂಡು ನಾಯಿ ಹೆಗಲ ಹತ್ತಿರ ಅಳೆದರೆ ೬೫ರಿಂದ ೭೩ ಸೆಂಟಿಮೀಟರ್ ಎತ್ತರ ಇರುತ್ತೆ, ೩೫ರಿಂದ ೪೫ ಕಿಲೋ ತೂಗುತ್ತೆ. ಹೆಣ್ಣು ಸ್ವಲ್ಪ ಚಿಕ್ಕದು. ಚಳಿಗಾಲದಲ್ಲಿ ಮರೆಮ್ಮ ಎಂಬ ಬಯಲುಸೀಮೆಯಲ್ಲಿ ಅದನ್ನು ನೋಡಿದವರು ಮರೆಮ್ಮದ ನಾಯಿ ಅಂದರು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ನೋಡಿದವರು ಅಬ್ರುಟ್ಸೊ ನಾಯಿ ಅಂದರು. ಎರಡೂ ಒಂದೇ ಜಾತಿ ಅಂತ ೧೯೫೮ರಲ್ಲಿ ತೀರ್ಮಾನವಾಗಿ, ಈಗ ಎರಡು ಹೆಸರನ್ನೂ ಕೂಡಿಸಿಯೇ ಕರೆಯುತ್ತಾರೆ.

ಇದು ಕುರಿಯನ್ನು ಅಟ್ಟುವ ನಾಯಿಯಲ್ಲ, ಬೇಟೆಯ ನಾಯಿಯೂ ಅಲ್ಲ. ನಮ್ಮ ಮುಧೋಳದ ನಾಯಿ ಓಡಿ ಹಿಡಿಯುವಂಥಾದ್ದು. ಇದು ನಿಂತು ಕಾಯುವಂಥಾದ್ದು. ಹಗಲೆಲ್ಲ ಕುರಿಗಳ ನಡುವೆ ಮಲಗಿ ತೂಕಡಿಸುತ್ತಿದೆ ಅನ್ನಿಸುತ್ತೆ. ಗಾಳಿಯಲ್ಲಿ ಹೊಸ ವಾಸನೆ ಬಂದರೆ ಸಾಕು, ಎದ್ದು ನಿಂತು ಬೊಗಳಿ, ಮಂದೆಗೂ ಬಂದ ಪ್ರಾಣಿಗೂ ನಡುವೆ ಹೋಗಿ ನಿಲ್ಲುತ್ತೆ. ತೋಳವನ್ನು ಕೊಲ್ಲುವುದು ಅದರ ಕೆಲಸವಲ್ಲ. ‘ಇಲ್ಲಿ ನಾನಿದ್ದೇನೆ, ಊಟ ಸುಲಭವಾಗಿ ಸಿಕ್ಕೋದಿಲ್ಲ’ ಅಂತ ತೋಳಕ್ಕೆ ತಿಳಿಸಿಬಿಟ್ಟರೆ ಆಯಿತು. ತೋಳವೂ ಲೆಕ್ಕ ಬಲ್ಲ ಪ್ರಾಣಿ. ಗಾಯವಾದರೆ ತನ್ನ ಹೊಟ್ಟೆಪಾಡು ಕೆಡುತ್ತದೆಂದು ಅದಕ್ಕೆ ಗೊತ್ತು. ಬಹಳ ಸಲ ಹೊಡೆದಾಟವಿಲ್ಲದೆಯೇ ಹಿಂದಕ್ಕೆ ಹೋಗುತ್ತೆ.

ಈಗ ಹಳೆಯ ಕಥೆಗೆ ಬರೋಣ. ರೋಮಿನಲ್ಲಿ ಮಾರ್ಕಸ್ ವರೋ ಎಂಬ ದೊಡ್ಡ ವಿದ್ವಾಂಸನಿದ್ದ. ಅವನ ಹೆಂಡತಿ ಫುಂಡಾನಿಯ ಒಂದು ಜಮೀನು ಕೊಂಡಳು. ಅದನ್ನು ನೋಡಿಕೊಳ್ಳುವ ಬಗೆ ಹ್ಯಾಗೆ ಅಂತ ತಿಳಿಸುವುದಕ್ಕೆ, ತನಗೆ ಎಂಬತ್ತರ ವಯಸ್ಸು ಸಮೀಪಿಸಿದ್ದಾಗ, ಕ್ರಿಸ್ತಪೂರ್ವ ೩೭ರಲ್ಲಿ ಅವನು ಒಕ್ಕಲುತನದ ಒಂದು ಪುಸ್ತಕ ಬರೆದ. ಅದರಲ್ಲಿ ಹೊಲದ ವಿಚಾರ ಇದೆ, ದನಕುರಿಯ ವಿಚಾರ ಇದೆ, ನಾಯಿಯ ವಿಚಾರಕ್ಕೂ ಒಂದು ಅಧ್ಯಾಯ ಇದೆ.

ವರೋ ಹೇಳುವುದರಲ್ಲಿ ನಾಯಿ ಕೊಳ್ಳುವ ವಿಚಾರವೂ ಇದೆ. ಬೇಟೆಗಾರನ ಹತ್ತಿರ ಕೊಳ್ಳಬೇಡ. ಆ ನಾಯಿ ಮೊಲ ಕಂಡರೆ ಕುರಿ ಬಿಟ್ಟು ಅದರ ಹಿಂದೆ ಓಡುತ್ತೆ. ಕಟುಕನ ಹತ್ತಿರವೂ ಕೊಳ್ಳಬೇಡ. ಆ ನಾಯಿ ಸೋಮಾರಿ, ಮಂದೆಯ ಹಿಂದೆ ನಡೆಯೋದಿಲ್ಲ. ಕುರಿಯ ಜೊತೆಗೆ ನಡೆದು ರೂಢಿಯಾದ ನಾಯಿಯನ್ನು ಕುರಿಗಾಹಿಯ ಹತ್ತಿರವೇ ಕೊಳ್ಳು, ಅಂತಾನೆ. ನೋಡಿ, ನಾಯಿ ಎಷ್ಟು ದೊಡ್ಡದು, ಹಲ್ಲು ಹ್ಯಾಗಿದೆ ಅಂತ ಕೇಳಿ ಬಿಡುವುದಿಲ್ಲ, ಅದು ಯಾರ ಜೊತೆ ಬೆಳೆಯಿತು ಅಂತಲೂ ಅವನು ಕೇಳುತ್ತಾನೆ.

ಅದಕ್ಕೆ ಅವನು ಒಂದು ದೃಷ್ಟಾಂತವನ್ನೂ ಕೊಟ್ಟಿದ್ದಾನೆ. ಅಬ್ರುಟ್ಸೊ ಸೀಮೆಯ ಅಮಿಟೆರ್ನಮ್ ಎಂಬ ಊರಿನ ಆವ್ಫೀದಿಯಸ್ ಅನ್ನುವವನು ದೂರದ ಉಂಬ್ರಿಯ ಸೀಮೆಯಲ್ಲಿ ಕುರಿಮಂದೆಗಳನ್ನು ಕೊಂಡ. ನಾಯಿಗಳೂ ವ್ಯಾಪಾರದಲ್ಲಿ ಸೇರಿದ್ದವು, ಕುರಿಗಾಹಿಗಳು ಸೇರಿರಲಿಲ್ಲ. ಮಂದೆಯನ್ನು ದಕ್ಷಿಣದ ಹುಲ್ಲುಗಾವಲಿಗೆ ಮುಟ್ಟಿಸಿ ಅವರು ಹಿಂತಿರುಗಬೇಕು ಅಂತ ಮಾತಾಗಿತ್ತು. ಅವರು ಹಾಗೇ ಮಾಡಿ ಊರಿಗೆ ಹೋದರು. ಸ್ವಲ್ಪ ದಿವಸ ಕಳೆಯಿತು. ನಾಯಿಗಳು ತಮ್ಮ ಜನರನ್ನು ನೆನೆದು, ಯಾರೂ ದಾರಿ ತೋರಿಸದೆ, ಹೊಲಗಳಲ್ಲಿ ಸಿಕ್ಕಿದ್ದು ತಿಂದುಕೊಂಡು, ಬಹಳ ದಿವಸದ ದಾರಿ ನಡೆದು ಉಂಬ್ರಿಯಕ್ಕೇ ಹೋಗಿ ಸೇರಿದವು. ಆವ್ಫೀದಿಯಸ್ ಹಣ ಕೊಟ್ಟು ನಾಯಿಯ ಮೈಯನ್ನು ಕೊಂಡಿದ್ದ. ಅದರ ರೂಢಿಯನ್ನು ಕೊಳ್ಳುವುದಕ್ಕೆ ಆಗಲಿಲ್ಲ.

ಬಣ್ಣ ಯಾಕೆ ಬಿಳಿ? ವರೋಗೂ ಬಿಳಿಯ ನಾಯಿಯೇ ಇಷ್ಟ. ಅವನಾದ ಮೇಲೆ ನೂರು ವರ್ಷದ ಸುಮಾರಿಗೆ ಬರೆದ ಕೊಲುಮೆಲ್ಲ ಅದಕ್ಕೆ ಕಾರಣವನ್ನೂ ಹೇಳುತ್ತಾನೆ: ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಳ ಯಾವುದು ನಾಯಿ ಯಾವುದು ಅಂತ ತಿಳಿಯದೆ ಕುರಿಗಾಹಿ ತನ್ನ ನಾಯಿಗೇ ಹೊಡೆದಾನು, ಅದಕ್ಕೇ ಮಂದೆಯ ನಾಯಿ ಬೆಳ್ಳಗಿರಲಿ. ಮನೆ ಕಾಯುವ ನಾಯಿ ಕಪ್ಪಗಿರಲಿ, ಕಳ್ಳನಿಗೆ ಅದನ್ನು ಕಂಡರೆ ಹೆಚ್ಚು ಭಯ.

ಊಟದ ವಿಚಾರವನ್ನು ತಾಯಂದಿರು ಕಿವಿಗೊಟ್ಟು ಕೇಳಬೇಕು. ಜವೆಗೋದಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ ಅಂತಾನೆ ವರೋ. ಈಚಿನ ಕಾಲದ ಅಬ್ರುಟ್ಸೊ ಕುರಿಗಾಹಿಗಳೂ ಹೆಚ್ಚು ಕಡಮೆ ಹಾಗೇ ಮಾಡುತ್ತಿದ್ದರು: ಕುರಿಯ ಹಾಲಿನಿಂದ ಗಿಣ್ಣು ತೆಗೆದ ಮೇಲೆ ಉಳಿಯುವ ನೀರಿನಲ್ಲಿ ತೌಡೋ ರೊಟ್ಟಿಯೋ ಕಲಸಿ ನಾಯಿಗೆ ಹಾಕುತ್ತಿದ್ದರು. ಆಮೇಲೆ ವರೋ ಒಂದು ಎಚ್ಚರಿಕೆ ಕೊಡುತ್ತಾನೆ. ಸತ್ತ ಕುರಿಯ ಮಾಂಸವನ್ನು ನಾಯಿಗೆ ತಿನ್ನಲು ಬಿಡಬೇಡಿ, ರುಚಿ ಹತ್ತಿದರೆ ಬದುಕಿದ ಕುರಿಗೂ ಬಾಯಿ ಹಾಕೀತು, ಅಂತಾನೆ.

ಈ ಮಾತಿಗೆ ಇನ್ನೂ ದೊಡ್ಡ ಕಾರಣವಿದೆ. ಅದು ವರೋಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಸತ್ತ ಅಥವಾ ಕೊಯ್ದ ಕುರಿಯ ಈಲಿ, ಪುಪ್ಪುಸ, ತಲೆಗಳನ್ನು ಹಸಿಯಾಗಿ ನಾಯಿಗೆ ಎಸೆದರೆ, ಅದರೊಳಗಿನ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತೆ. ಅದರ ಮೊಟ್ಟೆ ನಾಯಿಯ ಸಗಣಿಯಲ್ಲಿ ಹೊರಗೆ ಬಂದು ಹುಲ್ಲಿಗೆ, ನೀರಿಗೆ, ಮಕ್ಕಳ ಕೈಗೆ ಹತ್ತುತ್ತೆ. ಒಂದು ಬಗೆಯ ಲಾಡಿಹುಳುವಿನಿಂದ ಮನುಷ್ಯರ ಈಲಿಯಲ್ಲಿ, ಪುಪ್ಪುಸದಲ್ಲಿ ನೀರುಗುಳ್ಳೆ ಬೆಳೆದು ಶಸ್ತ್ರಚಿಕಿತ್ಸೆಯ ಪಾಲಾಗಬೇಕಾಗುತ್ತೆ. ಇನ್ನೊಂದು ಬಗೆಯದು ಕುರಿಯ ಮಿದುಳಿಗೆ ಸೇರಿ, ಕುರಿ ಒಂದೇ ಕಡೆಗೆ ಸುತ್ತು ಹೊಡೆದು ಹೊಡೆದು ಬಿದ್ದು ಸಾಯುತ್ತೆ. ಆದ್ದರಿಂದ ಸತ್ತ ಕುರಿಯನ್ನು ಆಳವಾಗಿ ಹೂಳಬೇಕು. ನಾಯಿಗೆ ಹಸಿ ಅಂಗಾಂಗ ಹಾಕಲೇಬಾರದು. ಪಶುವೈದ್ಯರು ಹೇಳಿದ ಗಡುವಿನಲ್ಲಿ ಹುಳುವಿನ ಔಷಧ ಕೊಡಬೇಕು. ನಾಯಿ ಮುಟ್ಟಿದ ಮಕ್ಕಳು ಕೈ ತೊಳೆದೇ ಊಟಕ್ಕೆ ಕೂರಬೇಕು.

ವರೋ ಹೇಳಿದ ಕೊರಳಪಟ್ಟಿಯೂ ಬಲು ಚೆನ್ನಾದದ್ದು. ಗಟ್ಟಿ ಚರ್ಮದ ಪಟ್ಟಿಗೆ ದಪ್ಪ ತಲೆಯ ಮೊಳೆಗಳನ್ನು ಹೊಡೆದು, ಕಬ್ಬಿಣ ನಾಯಿಯ ಕೊರಳಿಗೆ ಒತ್ತದ ಹಾಗೆ ಒಳಗಡೆ ಮೆತ್ತನೆಯ ಚರ್ಮ ಹೊಲಿಯುವುದು. ತೋಳ ಮೊದಲು ಬಾಯಿ ಹಾಕುವುದೇ ಕೊರಳಿಗೆ. ಒಂದು ಸಲ ಮೊಳೆ ಚುಚ್ಚಿಸಿಕೊಂಡ ತೋಳ ಪಟ್ಟಿ ಇಲ್ಲದ ನಾಯಿಯ ತಂಟೆಗೂ ಹೋಗೋದಿಲ್ಲವಂತೆ. ಅಬ್ರುಟ್ಸೊದಲ್ಲಿ ಇಂಥ ಮುಳ್ಳುಪಟ್ಟಿಯನ್ನು ನಮ್ಮ ಕಾಲದವರೆಗೂ ಬಳಸಿಕೊಂಡು ಬಂದಿದ್ದಾರೆ. ನಾಯಿ ಮಂದೆಗೆ ದುಡಿಯುತ್ತೆ, ಒಡೆಯ ನಾಯಿಯ ಕೊರಳು ಕಾಯುತ್ತಾನೆ. ಇದು ಎರಡು ಕಡೆಯ ಒಪ್ಪಂದ.

ಮುಂದೆ ಹದಿನೈದನೆಯ ಶತಮಾನಕ್ಕೆ ಬರೋಣ. ಬೆಟ್ಟದಲ್ಲಿ ಚಳಿಗಾಲ ಮೇವಿಲ್ಲ. ದಕ್ಷಿಣದ ಪೂಲಿಯ ಬಯಲಿನಲ್ಲಿ ಮೇವಿದೆ. ೧೪೪೭ರಲ್ಲಿ ನೇಪಲ್ಸಿನ ಅಲ್ಫೋನ್ಸೊ ದೊರೆ ಈ ಮಂದೆಗಳ ವಲಸೆಗೆ ಒಂದು ಸರ್ಕಾರಿ ಕಚೇರಿಯನ್ನೇ ಮಾಡಿ, ಕುರಿಗಿಷ್ಟು ಅಂತ ಕಂದಾಯ ಕಟ್ಟಿದ. ಮಂದೆಗಳು ನಡೆಯುವುದಕ್ಕೇ ಹುಲ್ಲಿನ ಹೆದ್ದಾರಿಗಳಿದ್ದವು. ಲಾಕ್ವಿಲ ಪಟ್ಟಣದಿಂದ ಫೋಜ್ಜ ಪಟ್ಟಣದವರೆಗಿನ ದಾರಿ ೨೪೪ ಕಿಲೋಮೀಟರ್, ಅಂದರೆ ಹಳೆಯ ಲೆಕ್ಕದಲ್ಲಿ ಸುಮಾರು ೧೫೦ ಮೈಲಿ. ಅಗಲ ೧೧೧ ಮೀಟರ್. ಹತ್ತು ಲಕ್ಷಕ್ಕೂ ಮೀರಿದ ಕುರಿಗಳು ಮಳೆಗಾಲ ಮುಗಿದ ಮೇಲೆ ಇಳಿಯುವ ನಮ್ಮ ಹೊಳೆಗಳ ಹಾಗೆ ಶರತ್ಕಾಲದಲ್ಲಿ ಬಯಲಿಗೆ ಇಳಿಯುತ್ತಿದ್ದವು, ಬೇಸಿಗೆ ಮೊದಲಾಗುವಾಗ ಬೆಟ್ಟಕ್ಕೆ ಏರುತ್ತಿದ್ದವು. ರಾತ್ರಿ ಬಲೆ ಕಟ್ಟಿದ ರೊಪ್ಪದೊಳಗೆ ಕುರಿಗಳು, ಸುತ್ತಲೂ ಬಿಳಿಯ ನಾಯಿಗಳು. ನಾಯಿಮರಿ ಹುಟ್ಟುತ್ತಿದ್ದದ್ದು ಆ ದಾರಿಯಲ್ಲೇ, ಕಣ್ಣು ಬಿಟ್ಟಾಗ ಕಾಣುತ್ತಿದ್ದದ್ದು ಕುರಿಯ ಕಾಲುಗಳನ್ನೇ. ಯಾರೂ ಪಾಠ ಮಾಡಬೇಕಾಗಿರಲಿಲ್ಲ.

೧೮೦೬ರಲ್ಲಿ ಆ ಕಚೇರಿ ಮುಚ್ಚಿತು. ಬಯಲಿನ ಹುಲ್ಲುಗಾವಲುಗಳಿಗೆ ನೇಗಿಲು ಬಿತ್ತು, ಗೋದಿ ಬಂತು. ಆಮೇಲೆ ರೈಲು ಬಂತು, ಲಾರಿ ಬಂತು; ನಡೆಯುವ ಮಂದೆ ಕಡಮೆಯಾಯಿತು. ಇತ್ತ ಕೋವಿ ಮತ್ತು ವಿಷದಿಂದ ತೋಳಗಳನ್ನೂ ಕೊಂದರು. ವಿಷಕ್ಕೆ ತೋಳ ಯಾವುದು ನಾಯಿ ಯಾವುದು ಅಂತ ಗೊತ್ತಿಲ್ಲ. ಕಾಯುವ ನಾಯಿಗಳೂ ಅದನ್ನು ತಿಂದು ಸತ್ತವು. ೧೯೭೦ರ ದಶಕದ ಮೊದಲಲ್ಲಿ ಎಣಿಸಿದಾಗ ಇಡೀ ಇಟಲಿಯಲ್ಲಿ ನೂರರಷ್ಟು ತೋಳ ಉಳಿದಿದ್ದವು. ಆಲ್ಪ್ಸ್ ಪರ್ವತಗಳಲ್ಲಂತೂ ಅವು ಅದಕ್ಕೂ ಎಷ್ಟೋ ಮುಂಚೆ ನಿರ್ಮೂಲವಾಗಿದ್ದವು. ಅಲ್ಲಿನ ಕುರಿಗಾಹಿಗಳು, ತೋಳವೇ ಇಲ್ಲದ ಮೇಲೆ ನಾಯಿಗೆ ಯಾಕೆ ಕೂಳು ಅಂತ ಕಾವಲುನಾಯಿ ಸಾಕುವುದನ್ನು ಬಿಟ್ಟರು. ಮಂದೆಯನ್ನು ಬೆಟ್ಟದಲ್ಲಿ ಹಾಗೇ ಬಿಟ್ಟು ಮನೆಗೆ ಬಂದು ಮಲಗುವುದು ರೂಢಿಯಾಯಿತು. ಅಬ್ರುಟ್ಸೊದ ಬೆಟ್ಟದಲ್ಲಿ ಮಾತ್ರ ಅಷ್ಟಿಷ್ಟು ತೋಳ ಉಳಿದಿತ್ತು, ಕರಡಿ ಉಳಿದಿತ್ತು; ಅದಕ್ಕೇ ನಾಯಿಯೂ ಉಳಿಯಿತು, ಸಾಕುವ ವಿದ್ಯೆಯೂ ಉಳಿಯಿತು.

ಕಾಲ ತಿರುಗಿತು. ಇಟಲಿ ಸರ್ಕಾರ ೧೯೭೧ರಲ್ಲಿ ತೋಳವನ್ನು ಪೀಡೆಯ ಪ್ರಾಣಿಗಳ ಪಟ್ಟಿಯಿಂದ ತೆಗೆದುಹಾಕಿ, ೧೯೭೬ರಲ್ಲಿ ಪೂರ್ತಿ ರಕ್ಷಣೆ ಕೊಟ್ಟಿತು. ತೋಳಗಳು ಮೆಲ್ಲಗೆ ಹೆಚ್ಚಿ ಬಡಗಲಾಗಿ ನಡೆದವು. ೧೯೯೨ರಲ್ಲಿ ಗಡಿ ದಾಟಿ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಕಾಣಿಸಿಕೊಂಡವು. ೨೦೨೦-೨೧ರ ಗಣತಿಯ ವೇಳೆಗೆ ಇಟಲಿಯಲ್ಲಿ ಅವುಗಳ ಸಂಖ್ಯೆ ೩,೩೦೦ರ ಸುಮಾರಿಗೆ ಬಂದಿತ್ತು. ಆಲ್ಪ್ಸ್‌ನ ಕುರಿಗಾಹಿಗಳಿಗೆ ಆಗ ದಿಕ್ಕು ತೋಚದ ಹಾಗಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆಯ ಹಾಗೆ, ಕುರಿ ಹೋದ ಮೇಲೆ ನಾಯಿ ಹುಡುಕಿದರು. ಫ್ರಾನ್ಸಿನವರು ತಮ್ಮ ಪಿರನೀಸ್ ಬೆಟ್ಟದ ದೊಡ್ಡ ಬಿಳಿ ನಾಯಿಯನ್ನು ತಂದರು. ನಾಯಿ ಸಿಕ್ಕಿತು, ಆದರೆ ಸಾಕುವ ರೀತಿ ಮರೆತುಹೋಗಿತ್ತು. ಅಜ್ಜನಿಂದ ಮೊಮ್ಮಗನಿಗೆ ಬರಬೇಕಾಗಿದ್ದದ್ದನ್ನು ಹೊರಗಿನವರಿಂದ ಕೇಳಿ ಕಲಿಯಬೇಕಾಯಿತು.

ಅಮೆರಿಕದಲ್ಲೂ ಇದೇ ಪಾಠ. ೧೯೭೦ರ ದಶಕದ ಕೊನೆಗೆ ರೇ ಕಾಪಿಂಜರ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು ಇಟಲಿ, ಯುಗೋಸ್ಲಾವಿಯ, ತುರ್ಕಿ ದೇಶಗಳಿಂದ ಕಾವಲುನಾಯಿಗಳನ್ನು ತಂದು ಅಲ್ಲಿನ ರೈತರಿಗೆ ಹಂಚಿ, ಯಾವುದು ಹ್ಯಾಗೆ ಕೆಲಸ ಮಾಡುತ್ತೆ ಅಂತ ವರ್ಷಗಟ್ಟಲೆ ಬರೆದಿಟ್ಟರು. ಕೊನೆಗೆ ಕಂಡದ್ದು ವರೋ ಹೇಳಿದ್ದನ್ನೇ. ಮರಿಗೆ ಮೂರು ವಾರದಿಂದ ನಾಲ್ಕು ತಿಂಗಳ ತನಕ ಮನಸ್ಸು ಮೆತ್ತಗಿರುತ್ತೆ. ಆಗ ಅದು ಯಾರ ಜೊತೆ ಇರುತ್ತದೆಯೋ ಅವರೇ ಅದಕ್ಕೆ ಬಂಧುಗಳು. ಕುರಿಯ ಜೊತೆ ಇಟ್ಟರೆ ಕುರಿ. ಮನೆಯ ಮಕ್ಕಳ ಜೊತೆ ಇಟ್ಟರೆ ಮಕ್ಕಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಇನ್ನೊಂದು ವಿಚಿತ್ರ ಕೇಳಿ. ಆಸ್ಟ್ರೇಲಿಯದ ವಾರ್ನಂಬೂಲ್ ಎಂಬ ಪಟ್ಟಣದ ಪಕ್ಕದಲ್ಲಿ ಸಮುದ್ರದೊಳಗೆ ಒಂದು ಪುಟ್ಟ ದ್ವೀಪ. ಅಲ್ಲಿ ಪೆಂಗ್ವಿನ್ ಎಂಬ, ಹಾರಲಾರದ ಈಜುವ ಹಕ್ಕಿಗಳು ನೂರುಗಟ್ಟಲೆ ಗೂಡು ಮಾಡುತ್ತಿದ್ದವು. ನೀರು ಇಳಿದಾಗ ನರಿಗಳು ದಾಟಿಹೋಗಿ ತಿಂದು ತಿಂದು, ೨೦೦೫ರ ವೇಳೆಗೆ ಹತ್ತಕ್ಕಿಂತ ಕಡಮೆ ಹಕ್ಕಿ ಉಳಿದವು. ಅಲ್ಲೊಬ್ಬ ರೈತ ಕೋಳಿ ಕಾಯುವುದಕ್ಕೆ ಇದೇ ಮರೆಮ್ಮ ನಾಯಿ ಸಾಕಿದ್ದ. ಅವನ ಮಾತಿನ ಮೇಲೆ ೨೦೦೬ರಲ್ಲಿ ಆ ಜಾತಿಯ ನಾಯಿಗಳನ್ನು ದ್ವೀಪದಲ್ಲಿ ಇಟ್ಟರು. ಹಕ್ಕಿಗಳು ಮತ್ತೆ ನೂರು ದಾಟಿದವು. ಆದರೆ ೨೦೧೭ರಲ್ಲಿ ಸಮುದ್ರ ಕೆರಳಿ ನಾಯಿಗಳನ್ನು ಅಲ್ಲಿಗೆ ಕೊಂಡುಹೋಗಲಾಗದ ದಿವಸಗಳಲ್ಲಿ ನರಿ ಹೊಕ್ಕು ಸುಮಾರು ೧೪೦ ಹಕ್ಕಿಗಳನ್ನು ಕೊಂದಿತು. ನಾಯಿಯ ಹೆಸರು ಕಾಯೋದಿಲ್ಲ, ನಾಯಿ ಅಲ್ಲೇ ಇದ್ದರೆ ಕಾಯುತ್ತೆ.

ಹಾಗಾದರೆ ಇಂಥ ದೊಡ್ಡ ನಾಯಿಯ ಜೊತೆ ಬಾಳುವುದು ಹ್ಯಾಗೆ? ಅನುಭವಸ್ಥರು ಮಾಡುವುದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮರಿಯನ್ನು ರೊಪ್ಪದಲ್ಲೇ ಬೆಳೆಸುತ್ತಾರೆ. ದಿನಕ್ಕೊಂದು ಸಲ ಮೈ ಸವರಿ, ಬಾಯಿ ಬಿಡಿಸಿ, ಕಾಲು ಎತ್ತಿ ನೋಡಿ ಮನುಷ್ಯರ ಕೈಗೆ ಒಗ್ಗಿಸುತ್ತಾರೆ. ಇಲ್ಲದಿದ್ದರೆ ಮುಂದೆ ವೈದ್ಯರಿಗೂ ಮೈ ಕೊಡೋದಿಲ್ಲ. ಆದರೆ ಮನೆಯೊಳಗೆ ಕರೆದು ಮುದ್ದು ಮಾಡೋದಿಲ್ಲ. ಒಂದು ವರ್ಷದ ನಾಯಿ ನೋಡುವುದಕ್ಕೆ ಆಳೆತ್ತರ, ಬುದ್ಧಿ ಮಾತ್ರ ಹುಡುಗುತನದ್ದು. ಆಟಕ್ಕೆ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗುತ್ತೆ, ಕಿವಿ ಕಚ್ಚುತ್ತೆ. ಅಲ್ಲೇ ಗದರಿಸಿ ತಡೆಯಬೇಕು, ಬಡಿಯಬಾರದು. ಪೂರ್ತಿ ನಂಬಿಕೆಗೆ ಬರಲು ಎರಡು ವರ್ಷವಾದರೂ ಬೇಕು. ಜೊತೆಗೊಂದು ಹಿರಿಯ ನಾಯಿ ಇದ್ದರೆ ಅರ್ಧ ಪಾಠ ಅದೇ ಹೇಳಿಕೊಡುತ್ತೆ. ಎರಡು ನಾಯಿ ಇರಲಿ, ಒಂದಕ್ಕೆ ಕಾಯಿಲೆಯಾದರೆ ಮಂದೆ ಬರಿದಾಗಬಾರದು ಅಂತ ವರೋ ಕೂಡ ಹೇಳಿದ್ದಾನೆ.

ಊಟ ದಿನಕ್ಕೆರಡು ಸಲ. ದೊಡ್ಡ ಎದೆಯ ನಾಯಿಗೆ ಒಂದೇ ಸಲ ಹೊಟ್ಟೆ ಬಿರಿಯ ಹಾಕಿ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಬಿಗಿದು, ವಾಂತಿಗೆ ಬಂದ ಹಾಗಾಗಿ ಏನೂ ಬಾರದಿದ್ದರೆ ತಡ ಮಾಡದೆ ವೈದ್ಯರನ್ನು ಕರೆಯಬೇಕು. ಮರಿಯನ್ನು ಬೇಗ ದಪ್ಪ ಮಾಡುವ ಆಸೆ ಬೇಡ. ಎಳೆಯ ಕೀಲುಗಳಿಗೆ ಭಾರ ಒಳ್ಳೆಯದಲ್ಲ. ಕಿವಿ, ಬೆರಳ ಸಂದುಗಳಲ್ಲಿ ಉಣ್ಣಿ ನೋಡಿ ತೆಗೆಯಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ವೈದ್ಯರು ಹೇಳಿದ ಹಾಗೆ ತಪ್ಪದೆ ಹಾಕಿಸಬೇಕು. ತೋಳಕ್ಕೂ ನರಿಗೂ ಎದುರು ನಿಲ್ಲುವ ನಾಯಿಗೆ ಇದು ಎಲ್ಲಕ್ಕಿಂತ ಮುಖ್ಯ.

ಇನ್ನು ಗಲಾಟೆ. ಈ ನಾಯಿ ರಾತ್ರಿಯೆಲ್ಲ ಬೊಗಳುತ್ತೆ, ಅದೇ ಅದರ ಕೂಲಿ. ದಾರಿಹೋಕರನ್ನೂ ತಡೆದು ನಿಲ್ಲಿಸುತ್ತೆ. ಆದ್ದರಿಂದ ಇಟಲಿಯ ಬೆಟ್ಟಗಳಲ್ಲಿ ದಾರಿಹೋಕರಿಗೆ ಹೀಗೆ ತಿಳಿವಳಿಕೆ ಕೊಡುತ್ತಾರೆ: ಮಂದೆಯ ನಡುವೆ ಹೋಗಬೇಡಿ, ಓಡಬೇಡಿ, ಕೋಲು ಬೀಸಬೇಡಿ, ಸುತ್ತು ಹಾಕಿ ಹೋಗಿ. ಒಡೆಯನಿಗೂ ನೆರೆಹೊರೆಯ ಜವಾಬ್ದಾರಿ ಉಂಟು.

ಇದನ್ನೆಲ್ಲ ಕೇಳಿ, ಹಾಗಾದರೆ ನಮಗೂ ಒಂದು ಬಿಳಿಯ ನಾಯಿ ತರಿಸೋಣ ಅಂತ ಯಾರಾದರೂ ಅಂದಾರು. ಬೇಡಿ. ಹಿಮದ ಬೆಟ್ಟಕ್ಕೆ ಹೇಳಿಸಿದ ಆ ಕೂದಲು ರಾಯಚೂರು, ಬಳ್ಳಾರಿಯ ಬಿಸಿಲಿಗೆ ಹೇಳಿಸಿದ್ದಲ್ಲ. ಅಂಗಳದಲ್ಲಿ ಸರಪಳಿ ಹಾಕಿ ಪ್ರತಿಷ್ಠೆಗೆ ಕಟ್ಟಿದರೆ ಅದಕ್ಕೂ ಹಿಂಸೆ, ನಿಮಗೂ ನಷ್ಟ. ನಮ್ಮ ಸಂಚಾರಿ ಕುರುಬರ ಮಂದೆಗಳಲ್ಲೇ ನಾಯಿಗಳಿವೆ. ನಮ್ಮ ಬಿಸಿಲು, ನಮ್ಮ ನುಚ್ಚು, ನಮ್ಮ ಮಜ್ಜಿಗೆಗೆ ಒಗ್ಗಿದವು. ಕಂಬಳಿಯ ಮಗ್ಗುಲಲ್ಲಿ, ಕುರಿಮರಿಗಳ ನಡುವೆ ಹುಟ್ಟಿ ಬೆಳೆದವು. ಅವಕ್ಕೆ ದೊಡ್ಡ ಹೆಸರಿಲ್ಲ, ಆದರೆ ವರೋ ಕೇಳುತ್ತಿದ್ದ ಪ್ರಶ್ನೆಗೆ ಸರಿಯಾದ ಉತ್ತರ ಅವುಗಳ ಹತ್ತಿರ ಇದೆ.

ನಮ್ಮ ಬಯಲಲ್ಲೂ ತೋಳ ಇದೆ. ಮೇಲುಕೋಟೆಯ ವನ್ಯಧಾಮವನ್ನು ೧೯೭೪ರಲ್ಲಿ ಮಾಡಿದ್ದೇ ಮುಖ್ಯವಾಗಿ ತೋಳಕ್ಕೋಸ್ಕರ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ತೋಳವನ್ನು ಕೊಲ್ಲುವುದು ಅಪರಾಧ. ವಿಷ ಇಟ್ಟರೆ ತೋಳದ ಜೊತೆಗೆ ಪಕ್ಕದವನ ನಾಯಿಯೂ ಸತ್ತೀತು, ಹದ್ದುಗಳೂ ಸತ್ತಾವು. ಕಾಯುವುದೊಂದೇ ನಮಗೆ ಉಳಿದ ದಾರಿ. ಕುರಿ ಕಳೆದುಕೊಂಡವನ ಸಂಕಟ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಹತ್ತು ಕುರಿ ಹೋದರೆ ಮಗಳ ಮದುವೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಅದಕ್ಕೇ ಹೇಳುವುದು, ಮಂದೆಯಲ್ಲಿರುವ ಒಳ್ಳೆಯ ನಾಯಿಯ ತಳಿ ಕಾಪಾಡಿ. ಅದು ಮರಿ ಹಾಕಿದಾಗ ಮರಿಗಳನ್ನು ಊರಲ್ಲಿ ಹಂಚಿಬಿಡದೆ ಒಂದೆರಡನ್ನು ರೊಪ್ಪದಲ್ಲೇ ಉಳಿಸಿ. ಚುಚ್ಚುಮದ್ದು ಹಾಕಿಸಿ, ಹುಳುವಿನ ಔಷಧ ಕೊಡಿಸಿ, ಸತ್ತ ಕುರಿ ಹೂಳಿ. ಮುದುಕರಿಗೆ ಗೊತ್ತಿರುವುದನ್ನು ಹುಡುಗರು ಕೇಳಿ ತಿಳಿದುಕೊಳ್ಳಲಿ. ಆಲ್ಪ್ಸ್ ಬೆಟ್ಟದವರು ಎಪ್ಪತ್ತು ವರ್ಷದಲ್ಲಿ ಮರೆತದ್ದನ್ನು ಮತ್ತೆ ಕಲಿಯುವುದಕ್ಕೆ ಎಷ್ಟು ಕುರಿ ತೆತ್ತರೋ! ನಮಗೆ ಆ ಖರ್ಚು ಬೇಡ.